ಮೈಕಣ್ಣ ಕೇಳಿಸಿಕೊಂಡ ಮಾತು

ನಗರಸಭೆಯಲ್ಲಿ ಅವನನ್ನು ಎಲ್ಲರೂ ಮೈಕಣ್ಣ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಸಭಾಂಗಣದ ಮೂಲೆಯ ಗಾಜಿನ ಗೂಡಿನಲ್ಲಿ ಕೂತು ಸದಸ್ಯರ ಮೈಕುಗಳನ್ನು ಹಚ್ಚುವುದು, ಆರಿಸುವುದು ಅವನ ಕೆಲಸ. ಯಾರು ಸುಳ್ಳು ಹೇಳುವ ಮುನ್ನ ಗಂಟಲು ಸರಿಮಾಡಿಕೊಳ್ಳುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು. "ಮನೇಲೂ ಹೀಗೊಂದು ಸ್ವಿಚ್ ಇರಬೇಕಿತ್ತು" ಎಂದು ಆಗಾಗ ತಮಾಷೆ ಮಾಡುತ್ತಿದ್ದ. "ಇದ್ದಿದ್ರೆ ಅದು ನನ್ನ ಕೈಯಲ್ಲಿರ್ತಿತ್ತು" ಎನ್ನುತ್ತಿದ್ದಳು ಹೆಂಡತಿ.

ಆ ತಿಂಗಳ ಸಭೆಗೆ ಹಳೆಯ ಪ್ರಾಥಮಿಕ ಶಾಲೆಯ ಜಾಗದ ವಿಷಯ ಬಂತು. ಶಾಲೆ ತೆಗೆದು ಅಲ್ಲಿ ವಸತಿ ಕಟ್ಟಡ ಏಳಿಸಲು ಅನುಮತಿ ಕೊಡಬೇಕೆಂಬ ಪ್ರಸ್ತಾವ. ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಮೈಕಣ್ಣನ ಅಕ್ಕ. "ಸ್ವಂತ ಸೂರಿಲ್ಲದವರು ಸಾವಿರಾರು ಜನ ಇದಾರೆ" ಎಂದರು ಪ್ರಸ್ತಾವ ತಂದ ದಪ್ಪ ಕನ್ನಡಕದ ಸದಸ್ಯರು. ಅದೇನೂ ಸುಳ್ಳಲ್ಲ, ಮೈಕಣ್ಣನೇ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿದ್ದ. "ನೂರಾಹತ್ತು ಮಕ್ಕಳು ಓದ್ತಿರೋ ಶಾಲೆ ಕಣ್ರೀ ಅದು!" ಎಂದು ಇನ್ನೊಬ್ಬರು ಮೇಜು ಗುದ್ದಿದರು. ಕಟ್ಟಡ ಶಿಥಿಲವಾಗಿದೆ ಎಂಬ ಮಾತು ಎದ್ದಾಗ ನಗರಸಭೆಯ ಎಂಜಿನಿಯರು, ಇನ್ನೂ ಇಪ್ಪತ್ತು ವರ್ಷ ಅದು ಅಲುಗುವುದಿಲ್ಲ ಎಂದರು. ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಎಲ್ಲರೂ ಚಹಾಕ್ಕೆ ಎದ್ದರು. ಕನ್ನಡಕದವರು ಮಾತ್ರ ಕೂತೇ ಇದ್ದರು. ಪಕ್ಕಕ್ಕೆ ಅವರ ಭಾವಮೈದುನ, ಗುತ್ತಿಗೆದಾರ, ಬಂದು ಕೂತ. ಮೈಕಣ್ಣ ಸಭಾಂಗಣದ ಸ್ಪೀಕರುಗಳನ್ನು ಆರಿಸಿದ್ದ. ಆದರೆ ಅವರ ಮೇಜಿನ ಮೈಕ್ ಇನ್ನೂ ಹಚ್ಚಿದ ಹಾಗೇ ಇತ್ತು, ಅವನ ಹೆಡ್‌ಫೋನು ಕಿವಿಯ ಮೇಲೇ ಇತ್ತು.

"ಇಪ್ಪತ್ತು ವರ್ಷವಂತೆ."

"ನೀವ್ಯಾಕೆ ತಲೆ ಕೆಡಿಸ್ಕೋತೀರ ಭಾವ? ಮುಂದಿನ ಸಭೆ ಹೊತ್ತಿಗೆ ಗೋಡೇನೇ ಉತ್ತರ ಹೇಳುತ್ತೆ."

"ಮಕ್ಕಳಿರ್ತಾರಲ್ಲೋ."

ಗುತ್ತಿಗೆದಾರ ಮೆಲ್ಲಗೆ ಹೇಳಿದ: "ಅದು ನಮ್ಮ ಕೈಲಿದ್ಯಾ?"

ಮೈಕಣ್ಣ ಹೆಡ್‌ಫೋನು ಕಳಚಿಟ್ಟ.

ಮಧ್ಯಾಹ್ನವೇ ಶಾಲೆಗೆ ಓಡಿದ. ಹಿಂದಿನ ಗೋಡೆಗೆ ಒತ್ತಿಕೊಂಡಂತೆ ಗುತ್ತಿಗೆದಾರನ ಆಳುಗಳು ಚರಂಡಿಗೆಂದು ಸೊಂಟದಾಳ ಅಗೆದಿದ್ದರು. ಅಡಿಪಾಯದ ಕಲ್ಲುಗಳು ಹಲ್ಲು ಕಿರಿದುಕೊಂಡು ಹೊರಗೆ ಕಾಣುತ್ತಿದ್ದವು. ಒಡೆದ ಪೈಪೊಂದರಿಂದ ನೀರು ಅಲ್ಲಿಗೇ ಇಳಿಯುತ್ತಿತ್ತು.

"ಈ ಕೋಣೇಲಿ ಯಾರು ಕೂರ್ತಾರಕ್ಕ?"

"ಎರಡನೇ ಕ್ಲಾಸು. ಯಾಕೋ, ಮುಖ ಹೀಗಿದೆ?"

ಅವನು ಎಲ್ಲವನ್ನೂ ಹೇಳಿದ. ಅಕ್ಕ ಸಿಡುಕಿದಳು. "ನಾನೇ ಕೋಣೆ ಖಾಲಿ ಮಾಡಿಸಿದ್ರೆ, ಕಟ್ಟಡ ಸರಿಯಿಲ್ಲ ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ ಕಣೋ. ಅವರಿಗೆ ಬೇಕಾಗಿರೋದೂ ಅದೇ." ಮಾತು ಮುಗಿಸಿ ಗೋಡೆಯ ಮೇಲೆ ಅಂಗೈ ಇಟ್ಟಳು. ಭುಜದೆತ್ತರದವರೆಗೂ ತೇವ ಏರಿತ್ತು. ಕೈ ತೆಗೆದು ಸೀರೆಗೆ ಒರೆಸಿಕೊಂಡಳು. ಮರುದಿನದಿಂದ ಎರಡನೇ ತರಗತಿ ಮುಂದಿನ ಜಗಲಿಯಲ್ಲಿ ಕೂತಿತು. ಚರಂಡಿ ಮುಚ್ಚಿಸಿ ಎಂದು ಅವಳು ಕೊಟ್ಟ ಪತ್ರಕ್ಕೆ ನಗರಸಭೆಯ ಮೊಹರು ಬಿತ್ತೇ ಹೊರತು ಇನ್ನೇನೂ ಆಗಲಿಲ್ಲ.

ಒಂಬತ್ತನೇ ದಿನ, ಹನ್ನೊಂದು ಗಂಟೆಗೆ, ಮಕ್ಕಳು ಏಳರ ಮಗ್ಗಿ ಹೇಳುತ್ತಿದ್ದಾಗ ಹಿಂದಿನ ಗೋಡೆ ಕುಸಿಯಿತು. ಬೆಂಚುಗಳೆಲ್ಲ ಇಟ್ಟಿಗೆಯಡಿ ಪುಡಿಯಾದವು. ಒಂದು ಮಗುವಿಗೂ ಗಾಯವಾಗಲಿಲ್ಲ. ಧೂಳು ಇಳಿಯುವವರೆಗೂ ಅಕ್ಕ ಮಕ್ಕಳ ತಲೆ ಎಣಿಸುತ್ತಲೇ ಇದ್ದಳು, ಮತ್ತೆ ಮತ್ತೆ, ಮೊದಲಿನಿಂದ.

ಮುಂದಿನ ಸಭೆಯಲ್ಲಿ ಕನ್ನಡಕದವರು ಬಿದ್ದ ಗೋಡೆಯ ಫೋಟೋ ಎತ್ತಿ ಹಿಡಿದರು. "ಪುಣ್ಯಕ್ಕೆ ಮಕ್ಕಳು ಹೊರಗಿದ್ರು. ಮುಂದಿನ ಸಲಾನೂ ಹೊರಗೇ ಇರ್ತಾರಾ?"

ಮೈಕಣ್ಣ ಅವರ ಮೈಕ್ ಆರಿಸಿದ. ಗೂಡಿನಿಂದ ಹೊರಬಂದು, ಸಭಾಂಗಣದ ನಡುವೆ ನಿಂತು, ಕೇಳಿಸಿಕೊಂಡದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ.

ಕನ್ನಡಕದವರಿಗೆ ಸಿಟ್ಟೇ ಬರಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ, "ಪಾಪ, ಅಕ್ಕನ ಶಾಲೆ. ಸಂಕಟ ಇರುತ್ತೆ" ಎಂದರು. "ರೆಕಾರ್ಡ್ ಇದ್ಯೇನಪ್ಪಾ?"

ಇರಲಿಲ್ಲ. ಬಿಡುವಿನ ಮಾತು ದಾಖಲಾಗುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಎಂಜಿನಿಯರು ತಲೆ ತಗ್ಗಿಸಿ ಕೂತರು. ಮೈಕಣ್ಣನ ಮಾತನ್ನು ಕಡತದಿಂದ ತೆಗೆಯಲು ಅಧ್ಯಕ್ಷರು ಹೇಳಿದರು. ಪ್ರಸ್ತಾವದ ಪರವಾಗಿ ಹದಿನೇಳು ಕೈ ಎದ್ದವು, ವಿರೋಧವಾಗಿ ಹನ್ನೆರಡು.

ಮಕ್ಕಳನ್ನು ಎರಡು ದೂರದ ಶಾಲೆಗಳಿಗೆ ಹಂಚಿದರು. ಅಕ್ಕನಿಗೆ ಅವುಗಳಲ್ಲೊಂದರಲ್ಲಿ ಜಾಗ ಸಿಕ್ಕಿತು. ಮೈಕಣ್ಣನನ್ನು ಊರಾಚೆಯ ಪಂಪ್‌ಹೌಸಿಗೆ ಹಾಕಿದರು. ಅಲ್ಲಿನ ಮೋಟಾರಿನ ಗದ್ದಲದಲ್ಲಿ ಯಾರ ಮಾತೂ ಕೇಳಿಸುವುದಿಲ್ಲ.

ಒಂದು ಸಂಜೆ ಕೆಲಸ ಮುಗಿಸಿ ನಡೆದು ಬರುತ್ತಿದ್ದಾಗ ಪಕ್ಕದಲ್ಲೊಂದು ಕಾರು ನಿಂತಿತು. ಗುತ್ತಿಗೆದಾರ ಗಾಜು ಇಳಿಸಿ ನಕ್ಕ. "ಚೆನ್ನಾಗಿದ್ಯಾ ಮೈಕಣ್ಣ? ಅಕ್ಕಾವ್ರಿಗೆ ಈಗ ಯಾವ ಶಾಲೆ ಕೊಟ್ಟಿದಾರೆ?"

"ಗೊತ್ತಿಲ್ಲ ಸಾರ್" ಎಂದ ಮೈಕಣ್ಣ.

"ಹೌದಾ? ಇರ್ಲಿ ಬಿಡು, ವಿಚಾರಿಸ್ತೀನಿ."

ಕಾರು ಅವಸರವಿಲ್ಲದೆ, ಊರಿನ ಕಡೆಗೆ ಹೋಯಿತು.