ಬಂಕಾಪುರದಲ್ಲಿ ಮಲಗಿದ ಗೆರೆ

ಕಳೆದ ನವೆಂಬರಿನ ಒಂದು ಸೋಮವಾರ, ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಎರಡನೇ ಸಲ ಕೆಂಪು ಶಾಯಿಯ ‘ತಡ’ ಬಿತ್ತು. ಮೂರನೆಯದು ಬಿದ್ದರೆ ಒಂದು ದಿನದ ರಜೆ ಕಡಿತ. ನನಗೆ ಉಳಿದದ್ದೇ ಒಂದು ರಜೆ. ಅವ್ವನ ಕಣ್ಣಿನ ಪೊರೆ ತೆಗೆಸಲು ಇಟ್ಟುಕೊಂಡದ್ದು.

ನಾನು ಹಾನಗಲ್ಲಿನಿಂದ ಶಿಗ್ಗಾಂವಿಯ ಶಾಲೆಗೆ ಬಸ್ಸಿನಲ್ಲಿ ಹೋಗುವ ಗಣಿತ ಶಿಕ್ಷಕಿ. ಬಸ್ಸು ದಿನಾ ತಡ. ನಿಲ್ದಾಣದಿಂದ ಓಡಿ ಪ್ರಾರ್ಥನೆಗೆ ಮುಟ್ಟುತ್ತಿದ್ದೆ. ಓಡಲಾಗದ ಎರಡು ದಿನ ಸಿಕ್ಕಿಬಿದ್ದೆ. ತಡಕ್ಕೆ ಕಾರಣ ಗೊತ್ತಿತ್ತು, ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗ್ರಾಫ್ ಹಾಳೆಯೇ ಹೇಳಲಿ ಎಂದುಕೊಂಡೆ.

ಮೊದಲು ಬಸ್ಸಿನ ಒಂದು ವಾರದ ತಡವನ್ನು ಸ್ತಂಭಾಲೇಖವಾಗಿ ಬರೆದು ಮುಖ್ಯೋಪಾಧ್ಯಾಯರ ಮುಂದಿಟ್ಟೆ. ಅವರು ಕನ್ನಡ ಪಂಡಿತರು.

“ಏನ್ರಿ ಬಾಯಾರ, ನಿಮ್ಮ ತಪ್ಪು ನೀವ ಗೋವಿನಜ್ವಾಳದಂಗ ಬೆಳಸಿ ತೋರ್ಸಾಕತ್ತೀರಲ್ಲ?”

ಆಯ್ಕೆಯಲ್ಲೇ ಎಡವಿದ್ದೆ. ಕಂಬ ಎಷ್ಟು ತಡ ಎನ್ನುತ್ತದೆ, ಎಲ್ಲಿ ಎನ್ನುವುದಿಲ್ಲ. ಮರುದಿನ ಬಸ್ಸಿನಲ್ಲಿ ಪ್ರತಿ ಊರಿಗೂ ಗಡಿಯಾರ ನೋಡಿ ದೂರ-ಕಾಲ ನಕ್ಷೆ ಬರೆದೆ. ಗೆರೆ ಏರುತ್ತ ಹೋಗಿ, ಬಂಕಾಪುರದಲ್ಲಿ ಒಂಬತ್ತು ನಿಮಿಷ ಅಡ್ಡ ಮಲಗಿ, ಮತ್ತೆ ಎದ್ದಿತ್ತು.

“ಹಾನಗಲ್ ದಾರ್ಯಾಗ ಇಷ್ಟು ಎತ್ತರದ ಗುಡ್ಡ ಎಲ್ಲೈತ್ರಿ? ಬಂಕಾಪುರದಾಗ ಮಾತ್ರ ರಸ್ತಾ ಸಪಾಟ ಬಂದೈತಿ ನೋಡ್ರಿ.”

“ಗುಡ್ಡ ಅಲ್ರಿ ಸರ್. ಗೆರಿ ಏರಿದ್ರ ಬಸ್ಸು ಓಡಾಕತ್ತೈತಿ. ಮಲಗಿದ್ರ ನಿಂತೈತಿ. ಹೊತ್ತು ಹೋಗತೈತಿ, ದಾರಿ ಸಾಗಂಗಿಲ್ಲ.”

“ಒಂಬತ್ತು ನಿಮಿಷ? ಡ್ರೈವರ್ ಏನ್ ಮಕ್ಕೊಂಡಿರ್ತಾನೇನ್ರಿ? ಡಿಪೋಕ್ಕ ಅರ್ಜಿ ಬರಿತೇನಿ. ಯಾತಕ್ಕ ನಿಂದರ್ತೈತಿ ಹೇಳ್ರಿ.”

“ಬುತ್ತಿ ಸಲುವಾಗ್ರಿ.”

“ಯಾರ್ದು ಬುತ್ತಿ, ಅಷ್ಟು ದೊಡ್ಡ ಮನಶ್ಯಾಂದು?”

ನಾನು ಅವರ ಮೇಜಿನ ಮೇಲಿನ ಸ್ಟೀಲ್ ಡಬ್ಬಿಯ ಕಡೆ ನೋಡಿದೆ. ಅವರು ಬಂಕಾಪುರದಿಂದ ಬೆಳಿಗ್ಗೆ ಬೇಗ ಬೈಕಿನಲ್ಲಿ ಬರುತ್ತಾರೆ. ಬುತ್ತಿಯನ್ನು ಮನೆಯವರು ನಮ್ಮ ಬಸ್ಸಿಗೆ ಕೊಟ್ಟು ಕಳಿಸುತ್ತಾರೆ. ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವವರೆಗೆ ಕಂಡಕ್ಟರ್ ಸೀಟಿ ಊದುವುದಿಲ್ಲ.

ಅವರು ಹಾಳೆಯನ್ನು ಒಮ್ಮೆ ಅಡ್ಡ, ಒಮ್ಮೆ ಉದ್ದ ಹಿಡಿದು ನೋಡಿದರು.

“ರೊಟ್ಟಿ ಬಿಸಿ ಇರ್ಲಿ ಅಂತ ನಾನ ಅಂದಿದ್ದೆ,” ಎಂದು ಕೆಮ್ಮಿದರು. “ಈ ಹಾಳಿ ಸ್ಟಾಫ್ ರೂಮಿಗೆ ಒಯ್ಯಬ್ಯಾಡ್ರಿ.”

ಡಿಪೋಕ್ಕೆ ಅರ್ಜಿ ಹೋಗಲಿಲ್ಲ. ಎರಡೂ ‘ತಡ’ಗಳನ್ನು ಹೊಡೆದುಹಾಕಿ ಸಹಿ ಮಾಡಿದರು. ಅವ್ವನ ಕಣ್ಣಿನ ಶಸ್ತ್ರಕ್ರಿಯೆಯ ದಿನಕ್ಕೆ ನನ್ನ ರಜೆ ಮಂಜೂರಾಯಿತು. ಬಸ್ಸು ಈಗ ಬಂಕಾಪುರದಲ್ಲಿ ಎರಡು ನಿಮಿಷ ನಿಲ್ಲುತ್ತದೆ. ನಿನ್ನೆ ಡಬ್ಬಿ ಕಿಟಕಿಯಿಂದ ನನ್ನ ತೊಡೆಯ ಮೇಲೆ ಬಂತು. ತಣ್ಣಗಿತ್ತು.