ಬೋರಿಂಗ್ ಹಿಡಿ ಮುರಿದ ದಿನ

ನಾನು ಚಿಕ್ಕವನಿದ್ದಾಗ, ಅಂದರೆ ಮಕ್ಕಳೇ, ನಿಮ್ಮಷ್ಟೇ ಇದ್ದಾಗ, ಮಾರೇನಹಳ್ಳಿಯ ಒಂದು ವಠಾರದಲ್ಲಿ ನಮ್ಮ ಮನೆ ಇತ್ತು. ಎಂಬತ್ತರ ದಶಕದ ಮಾತು. ಸಾಲಾಗಿ ಪುಟ್ಟ ಪುಟ್ಟ ಮನೆಗಳು, ಎಲ್ಲರಿಗೂ ಸೇರಿ ಒಂದೇ ಅಂಗಳ, ಬೀದಿಯ ತುದಿಯಲ್ಲಿ ಒಂದು ಬೋರಿಂಗ್. ಬೋರಿಂಗ್ ಅಂದರೆ ಉದ್ದನೆಯ ಕಬ್ಬಿಣದ ಹಿಡಿಯನ್ನು ಒತ್ತಿ ಒತ್ತಿ ಭೂಮಿಯೊಳಗಿನ ನೀರೆತ್ತುವ ಕೈಪಂಪು. ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಹಾಗಾಗಿ ಬೆಳಗಾಯಿತೆಂದರೆ ಬೋರಿಂಗ್ ಮುಂದೆ ಬಿಂದಿಗೆಗಳ ಸಾಲು, ಹಿಡಿಯ ಕಿರ್ರ್ ಕಿರ್ರ್ ಸದ್ದು, ತುಕ್ಕಿನ ವಾಸನೆಯ ತಣ್ಣನೆ ನೀರು.

ಆ ಬೋರಿಂಗ್ ಹಿಡಿ ಮುರಿದ ಬೇಸಿಗೆಗೆ ನಮ್ಮ ಮನೆಯಲ್ಲಿ ಅಮ್ಮ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಸ್ಟವ್ ಮುಂದೆ ಕುಸಿದು ಬಿದ್ದವಳು ಆಸ್ಪತ್ರೆಯಿಂದ ವಾಪಸ್ ಬರಲೇ ಇಲ್ಲ. ಆವತ್ತು ಬೆಳಿಗ್ಗೆ ನಾನು ಗಾಳಿಪಟ ಬೇಕೇ ಬೇಕೆಂದು ಹಟ ಹಿಡಿದು ಅವಳನ್ನು ಗೋಳು ಹೊಯ್ದುಕೊಂಡಿದ್ದೆ. ಅದು ನನಗೊಬ್ಬನಿಗೇ ಗೊತ್ತಿತ್ತು. ಯಾರ ಹತ್ತಿರ ಹೇಳಲಿ? ಅಪ್ಪನದು ಮೊದಲೇ ಮಾತು ಕಡಿಮೆ, ಅಮ್ಮ ಹೋದ ಮೇಲಂತೂ ಪೂರ್ತಿ ನಿಂತೇಹೋಗಿತ್ತು. ಅಕ್ಕನಿಗೆ ಕಾಲೇಜು, ಅಡುಗೆ, ಮತ್ತೆ ಕಾಲೇಜು. ಸ್ಕೂಲಿನಿಂದ ಬಂದು ನಾನೇ ಬೀಗ ತೆಗೆದರೆ ಒಳಗೆ ಸೀಮೆಎಣ್ಣೆ ವಾಸನೆ ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ನನಗಿದ್ದ ಒಂದೇ ಖುಷಿ ಅಂದರೆ ವಠಾರದ ಹುಡುಗರ ಜೊತೆ ಲಗೋರಿ.

ಒಂದು ಶನಿವಾರ ಮಧ್ಯಾಹ್ನ ಬಿಂದಿಗೆ ತಗೊಂಡು ಬೋರಿಂಗ್ ಹತ್ತಿರ ಹೋದೆ. ಕಡ್ಡಿಯಂತಿದ್ದ ಹುಡುಗ ನಾನು, ಹಿಡಿಗೆ ಪೂರಾ ಜೋತುಬಿದ್ದರೆ ಮಾತ್ರ ಅದು ಕೆಳಗಿಳಿಯುತ್ತಿತ್ತು. ಹಾಗೆ ಜೋತುಬಿದ್ದೆ ನೋಡಿ, ಟಪ್ ಅಂತ ಒಂದು ಸದ್ದು. ಕಣ್ಣು ಬಿಟ್ಟಾಗ ನಾನು ಕೆಸರಲ್ಲಿ ಅಂಗಾತ ಬಿದ್ದಿದ್ದೆ, ಮುರಿದ ಹಿಡಿ ನನ್ನ ಎದೆಯ ಮೇಲಿತ್ತು.

ಸಾಲಿನಲ್ಲಿ ನಿಂತಿದ್ದ ಮೂಲೆಮನೆ ಆಂಟಿ ಕೂಗಿಕೊಂಡರು. "ಅಯ್ಯೋ ಪಾಪಿ, ಮುರಿದೇ ಬಿಟ್ಯಾ? ಇನ್ನು ನೀರಿಗೆ ಎಲ್ಲಿಗೋ ಹೋಗೋದು? ನಿನ್ನ ಕೈಗೆ ಸಿಕ್ಕಿದ್ದು ಯಾವ್ದೂ ಉಳಿಯಲ್ಲ ಕಣೋ!"

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದರು, ಅಷ್ಟೆ. ಆದರೆ ನನಗೆ ನೆನಪಾದದ್ದು ಅಮ್ಮ. ಗಾಳಿಪಟದ ವಿಷಯ ಇವರಿಗೂ ಗೊತ್ತಾಗಿಬಿಟ್ಟಿದೆ ಅಂದುಕೊಂಡೆ. ಸಂಜೆ ವಠಾರದವರೆಲ್ಲ ದೂರದ ಬೀದಿಯಿಂದ ನೀರು ಹೊತ್ತರು, ಹುಡುಗರೂ ಹೊರಬೇಕಾಯಿತು. "ನಿನ್ನಿಂದ ಆಟ ಹಾಳಾಯ್ತು, ಇನ್ಮೇಲೆ ಬರ್ಬೇಡ ಹೋಗೋ" ಅಂದರು. ನಾನು ಒಗೆಯುವ ಕಲ್ಲಿನ ಹಿಂದೆ ಆ ಕಬ್ಬಿಣದ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಕ್ಕ ಊಟಕ್ಕೆ ಕರೆದರೂ ಹೋಗಲಿಲ್ಲ. ಎಲ್ಲರ ಮನೆಯಿಂದಲೂ ಸಾರಿನ ಒಗ್ಗರಣೆ ಘಮ್ಮೆನ್ನುತ್ತಿತ್ತು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ಕೂತಿಲ್ಲ.

ಅಪ್ಪ ಕೆಲಸ ಮುಗಿಸಿ ಸೈಕಲ್ ತಳ್ಳಿಕೊಂಡು ಬಂದರು. ಅವರಿಗೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕೆಲಸ. ಮುರಿದ ಕಬ್ಬಿಣವನ್ನು ಉಜ್ಜಿ, ಆ್ಯಸಿಡ್ ಹಚ್ಚಿ, ಸೂಕ್ಷ್ಮದರ್ಶಕದಲ್ಲಿಟ್ಟು, ಅದರೊಳಗಿನ ರಚನೆ ಹೇಗಿದೆ, ಯಾಕೆ ಮುರಿಯಿತು ಅಂತ ಪತ್ತೆ ಮಾಡುವುದು. ಬಾಗಿಲಲ್ಲೇ ಅಕ್ಕ ಎಲ್ಲ ಹೇಳಿದಳು. ಬೈಯುತ್ತಾರೆ ಅಂತ ಕಣ್ಣು ಮುಚ್ಚಿಕೊಂಡೆ. ಅಪ್ಪ ಬಂದು ಪಕ್ಕದಲ್ಲಿ ಕೂತು, ಜೇಬಿನಿಂದ ಭೂತಗನ್ನಡಿ ತೆಗೆದರು.

"ಇಲ್ಲಿ ನೋಡು ಪುಟ್ಟ," ಅಂದರು. ಎಷ್ಟೋ ದಿನದ ಮೇಲೆ ಕೇಳಿದ 'ಪುಟ್ಟ' ಅದು.

ಹಿಡಿ ಮುರಿದ ಜಾಗದ ಒಂದು ಅಂಚಿನಲ್ಲಿ ಮಾತ್ರ ಕಲ್ಲುಸಕ್ಕರೆ ಒಡೆದ ಹಾಗೆ ಹರಳು ಹರಳಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ನುಣ್ಣಗೆ, ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಅದರ ತುಂಬ, ನೀರಿಳಿದ ಕೆರೆಯ ದಡದಲ್ಲಿ ಉಳಿಯುವ ಗೆರೆಗಳಂತೆ ಒಂದರ ಪಕ್ಕ ಒಂದು ಬಾಗಿದ ಗೆರೆ.

"ಈ ತುಕ್ಕು ಹಿಡಿದಿರೋದು ಹಳೇ ಬಿರುಕು. ಒಳಗಡೆ ಇತ್ತು, ಮೇಲಿಂದ ಕಾಣ್ತಿರ್ಲಿಲ್ಲ. ಒಬ್ಬೊಬ್ಬರು ಒತ್ತಿದಾಗಲೂ ಸ್ವಲ್ಪ ಸ್ವಲ್ಪ ಬೆಳೀತಾ ಬಂದಿದೆ. ಇವತ್ತು ಮುರಿದಿರೋದು ಈ ಬೆಳ್ಳಗಿರೋ ಚೂರು ಮಾತ್ರ."

"ಆದ್ರೂ ಕೊನೇಲಿ ಹಿಡಿದಿದ್ದವನೇ ಮುರಿದ ಹಂಗಾಯ್ತಲ್ವಾ ಅಪ್ಪಾ?"

"ಅಲ್ಲ ಕಣೋ. ಕೊನೇಲಿ ಅವನ ಕೈಲಿತ್ತು, ಅಷ್ಟೇ."

ಆಗ ನನಗೆ ಅಳು ಒತ್ತರಿಸಿ ಬಂತು. ಗಾಳಿಪಟದ ವಿಷಯ, ಹಟ ಮಾಡಿದ್ದು, ಅಮ್ಮ ಸುಸ್ತಾಗಿ ಗೋಡೆಗೆ ಒರಗಿದ್ದು, ಎಲ್ಲ ಹೇಳಿಬಿಟ್ಟೆ. "ಅಮ್ಮಂದೂ ಹಂಗೇನಾ ಅಪ್ಪಾ?"

ಅಪ್ಪ ಭೂತಗನ್ನಡಿ ಕೆಳಗಿಟ್ಟರು. "ನೀನು ಹುಟ್ಟೋಕೆ ಮುಂಚಿಂದ್ಲೇ ಅವಳ ಹೃದಯದಲ್ಲಿ ತೊಂದರೆ ಇತ್ತಂತೆ, ಡಾಕ್ಟ್ರು ಆಮೇಲೆ ಹೇಳಿದ್ರು. ದಿನಾ ಕಬ್ಬಿಣದೊಳಗೆ ಬಿರುಕು ಹುಡುಕ್ತೀನಿ. ಪಕ್ಕದಲ್ಲೇ ಇದ್ದೋಳದು ನನಗೆ ಕಾಣ್ಲಿಲ್ಲ ನೋಡು." ನಾನೊಬ್ಬನೇ ಅಲ್ಲ, ಅವರೂ ಇಷ್ಟು ದಿನ ಒಬ್ಬರೇ ಅಂಥದೇ ತಪ್ಪಿನ ಭಾರ ಹೊತ್ತುಕೊಂಡಿದ್ದರು ಅಂತ ಆಗ ತಿಳಿಯಿತು. ಆಮೇಲೆ ಇಬ್ಬರೂ ಒಳಗೆ ಹೋಗಿ ಅಕ್ಕನ ಜೊತೆ ಊಟ ಮಾಡಿದೆವು.

ಬೋರಿಂಗ್ ರಿಪೇರಿಯಾಯಿತು. ಹುಡುಗರು ಮಾತ್ರ ಇನ್ನೂ ಕೆಲವು ದಿನ ನನ್ನನ್ನು ಆಟಕ್ಕೆ ಕರೆಯಲಿಲ್ಲ. ಅಪ್ಪನೂ ಯಾರ ಹತ್ತಿರವೂ ವಾದಕ್ಕೆ ಹೋಗಲಿಲ್ಲ. ಬೇಸರವಾಗುತ್ತಿತ್ತು, ಆದರೆ ಮೊದಲಿನ ಭಯ ಇರಲಿಲ್ಲ.

ಈಗ ಆ ಬೋರಿಂಗ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ನಿಮ್ಮ ಫ್ಲ್ಯಾಟಿನ ನಲ್ಲಿಯಲ್ಲಿ ಹಗಲೂ ರಾತ್ರಿ ನೀರು. ಏನಾದರೂ ಮುರಿದರೆ ಫೋನಿನಲ್ಲಿ ಒತ್ತಿದರಾಯಿತು, ಹೊಸದು ಬಾಗಿಲಿಗೇ ಬರುತ್ತದೆ. ಮುರಿದದ್ದನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಅಂಗಳವೂ ಇಲ್ಲ, ಒಗೆಯುವ ಕಲ್ಲೂ ಇಲ್ಲ. ಆದರೆ ಅದರ ಹಿಂದೆ ಕೂರುವ ಮಕ್ಕಳು ಇದ್ದೇ ಇದ್ದಾರೆ. ನಿನ್ನೆ ಪಕ್ಕದ ಮನೆ ಹುಡುಗನ ಸೈಕಲ್ ತುಳಿಯುವಾಗ ಪೆಡಲ್ ಮುರಿಯಿತು ಅಂತ ನಿಮ್ಮಲ್ಲೊಬ್ಬಳು ರೂಮಿನ ಬಾಗಿಲು ಹಾಕಿಕೊಂಡು ಇನ್ನೂ ಹೊರಗೆ ಬಂದಿಲ್ಲ. ಬೈಯಲ್ಲ, ಬಾರೇ ಪುಟ್ಟೀ. ಭೂತಗನ್ನಡಿ ಹಿಡಿದುಕೊಂಡು ನಾನು ಇಲ್ಲೇ ಬಾಗಿಲ ಹತ್ತಿರ ಕೂತಿದ್ದೇನೆ. ಆ ಮುರಿದ ತುಂಡು ತಗೊಂಡು ಬಾ, ಇಬ್ಬರೂ ನೋಡೋಣ.