ಕಷಾಯಕ್ಕೂ ಇಂಜೆಕ್ಷನ್ನಿಗೂ ನಡುವಿನ ಬೆಳಿಗ್ಗೆ

ಆ ಬೆಳಿಗ್ಗೆ ಹಳೇಬೀಡಿನ ಅತ್ತೆಯ ಮನೆಯಲ್ಲಿ ಜೀರಿಗೆ ಕಷಾಯ ಕುಡಿದದ್ದು ಯಾರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ನನ್ನ ನೆನಪಿನಲ್ಲಿ ಲೋಟ ಹೆಂಡತಿಯ ಕೈಯಲ್ಲಿದೆ. ನಾನು ಅದನ್ನು ಕಸಿದು ಕಟ್ಟೆಯ ಮೇಲಿಟ್ಟು "ಹೊರಡೋಣ" ಎನ್ನುತ್ತೇನೆ. ನಾನು ಇಷ್ಟು ಧೀರನಾಗಿ ಬೇರೆಲ್ಲೂ ನಡೆದುಕೊಂಡಿಲ್ಲವಾದ್ದರಿಂದ ಈ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ.

ಮೊದಲ ಹೆರಿಗೆಗೆ ಅವಳು ತವರಿಗೆ ಹೋಗಿದ್ದಳು. ನಾನು ಅರಸೀಕೆರೆಯಲ್ಲಿ ಪಾಠ ಮಾಡಿಕೊಂಡು, ರಜೆ ಸಿಕ್ಕಾಗಲೆಲ್ಲ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತುತ್ತಿದ್ದೆ. ಒಂಬತ್ತನೇ ತಿಂಗಳಲ್ಲಿ ಬೇಲೂರಿನ ಡಾಕ್ಟರು ಹತ್ತಿ ಸುತ್ತಿದ ಕಡ್ಡಿಯಿಂದ ಒಂದು ಪರೀಕ್ಷೆ ಮಾಡಿಸಿದರು. ಒಂದು ಬಗೆಯ ಬ್ಯಾಕ್ಟೀರಿಯಾ ಇದೆ ಎಂದು ಬಂತು. ತಾಯಿಗೆ ಸಾಮಾನ್ಯವಾಗಿ ಏನೂ ಮಾಡದು, ಹುಟ್ಟುವಾಗ ಮಗುವಿಗೆ ಅಂಟಿದರೆ ಅಪರೂಪಕ್ಕೆ ಪ್ರಾಣಕ್ಕೇ ಬರುತ್ತದೆ ಎಂದರು.

ಅತ್ತೆಗೆ ಇದು ಅವಮಾನವಾಗಿ ಕೇಳಿಸಿತು. ದೇವಸ್ಥಾನದ ಕೆಲಸದ ಮನೆತನ, ಮಡಿ ಹೆಚ್ಚು. "ದಿನಾ ಎರಡು ಹೊತ್ತು ಸ್ನಾನ ಮಾಡೋ ಹುಡುಗಿ ಡಾಕ್ಟ್ರೇ. ನಮ್ಮನೇಲಿ ಕೊಳಕಿಗೆ ಜಾಗವೇ ಇಲ್ಲ."

"ಸ್ನಾನಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಎಷ್ಟೋ ಹೆಂಗಸರಲ್ಲಿ ಇರುತ್ತೆ. ನನ್ನಲ್ಲೂ ಇರಬಹುದು, ನಿಮ್ಮಲ್ಲೂ ಇರಬಹುದು."

"ನನ್ನಲ್ಲಾ?" ಅತ್ತೆ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದರು.

ಹಾಗಾದರೆ ಮಾತ್ರೆ ಈಗಲೇ ಕೊಡಬಾರದೇಕೆ ಎಂದು ನಾನು ವಾದಕ್ಕಿಳಿದೆ. ಈಗ ಕೊಂದರೆ ಹೆರಿಗೆಯ ಹೊತ್ತಿಗೆ ಮತ್ತೆ ಬೆಳೆದಿರುತ್ತದಂತೆ. ನೋವು ಶುರುವಾದ ಮೇಲೆ ರಕ್ತನಾಳಕ್ಕೆ ಇಂಜೆಕ್ಷನ್ ಕೊಡಬೇಕು. ಮಗು ಹುಟ್ಟುವುದಕ್ಕೆ ಕೆಲವು ಗಂಟೆ ಮುಂಚೆಯೇ ಅದು ಒಳಗೆ ಹೋಗಿರಬೇಕು. "ನೋವು ಬಂದ ಕೂಡಲೇ ಬನ್ನಿ. ಕಾಯಬೇಡಿ."

ಆದರೆ ಆ ಮನೆಯಲ್ಲಿ ಕಾಯುವುದೇ ಪದ್ಧತಿ. ನೋವು ಬಂದರೆ ಮೊದಲು ಜೀರಿಗೆ ಕಷಾಯ. ಸುಳ್ಳು ನೋವಾದರೆ ಇಳಿಯುತ್ತದೆ, ನಿಜವಾದರೆ ಏರುತ್ತದೆ. ಆ ಭಾನುವಾರ ಹೆಂಡತಿ ಗೋಡೆ ಹಿಡಿದು ನಿಂತಾಗ ಅತ್ತೆ ಒಲೆ ಹಚ್ಚಿದರು.

"ಅತ್ತೆ, ಡಾಕ್ಟ್ರು ಏನು ಹೇಳಿದ್ರು?"

"ಗೊತ್ತು ಅಳಿಯಂದ್ರೇ. ಸುಳ್ಳು ನೋವಿಗೆ ಹೋದ್ರೆ ವಾಪಸ್ ಕಳಿಸ್ತಾರೆ. ಚೊಚ್ಚಲು, ಅಷ್ಟು ಬೇಗ ಆಗಲ್ಲ."

"ಕಳಿಸಿದ್ರೆ ವಾಪಸ್ ಬರೋಣ. ಏನು ಹೋಗುತ್ತೆ?"

"ರೀ, ನೀವಿಬ್ಬರೂ ವಾದ ಮುಗಿಸೋದ್ರೊಳಗೆ ನಾನು ಇಲ್ಲೇ ಹೆತ್ತುಬಿಡ್ತೀನಿ," ಎಂದಳು ಹೆಂಡತಿ.

ಇಲ್ಲಿಂದ ಕಥೆ ಮೂರಾಗುತ್ತದೆ. ನನ್ನದು ಹೇಳಿದ್ದೇನೆ. ಹೆಂಡತಿಯ ಪ್ರಕಾರ ಗಾಬರಿಯಲ್ಲಿ ಕಷಾಯವನ್ನು ನಾನೇ ಕುಡಿದುಬಿಟ್ಟೆ. ಅತ್ತೆಯ ಪ್ರಕಾರ ಅದನ್ನು ಯಾರೂ ಕುಡಿಯಲಿಲ್ಲ. ಮಗಳ ಮುಖ ನೋಡಿ ಅವರೇ ಒಲೆ ಆರಿಸಿ, ಪಕ್ಕದ ಮನೆಯ ಕಾರಿನವನನ್ನು ಕೂಗಿದರು. "ಭಯ ನಿಮಗೊಬ್ಬರಿಗೇನಾ? ಮಗಳು ನನ್ನವಳು," ಎನ್ನುತ್ತಾರೆ ಈಗಲೂ.

ಕಾರಿನವನ ಮಾತು ಮಾತ್ರ ಮೂವರಿಗೂ ನೆನಪಿದೆ: "ಅಕ್ಕಾ, ಮುಂದೆ ಹಂಪ್ ಐತೆ, ಗಟ್ಟಿಯಾಗಿ ಹಿಡ್ಕಳಿ." ಬೇಲೂರಿನಲ್ಲಿ ನರ್ಸ್ ಇಂಜೆಕ್ಷನ್ ಕೊಡುವಾಗ ಅತ್ತೆ ಮಗಳ ತಲೆ ನೇವರಿಸುತ್ತ, "ಪೂರ್ತಿ ಹೋಯ್ತೇನಮ್ಮ? ಸ್ವಲ್ಪವೂ ಉಳಿದಿಲ್ಲ ತಾನೇ?" ಎಂದು ಕೇಳುತ್ತಲೇ ಇದ್ದರು.

ಹೆಣ್ಣು ಮಗು ಹುಟ್ಟಿತು. ಜಾತಕಕ್ಕೆಂದು ಹುಟ್ಟಿದ ಗಳಿಗೆ ಮನೆಯವರಿಗೆಲ್ಲ ಬಾಯಿಪಾಠ. ಇಂಜೆಕ್ಷನ್ ಕೊಟ್ಟ ಗಳಿಗೆ ಯಾರಿಗೂ ಗೊತ್ತಿರಲಿಲ್ಲ. ಲಸಿಕೆಗೆ ಹೋದಾಗ ಡಾಕ್ಟರನ್ನೇ ಕೇಳಿದೆ. ಅವರು ಹೆರಿಗೆಯ ದಿನದ ದಾಖಲೆ ನೋಡಿ ಹೇಳಿದರು: ಔಷಧಿ ಎಷ್ಟು ಮುಂಚೆ ಹೋಗಬೇಕಿತ್ತೋ ಅದಕ್ಕಿಂತ ಮೊದಲೇ ಹೋಗಿತ್ತು.